ಹಗುರಾದೆ, ಗಟ್ಟಿ ಆಗಿರಲಿಲ್ಲ

ಮೇ ತಿಂಗಳು. ಇಂಡಿ ತಾಲೂಕಿನ ನನ್ನ ತವರೂರಿನಲ್ಲಿ ಕಾಕಾನ ಸೊಸೆಯ ಕುಬಸ, ಅಂದರೆ ಸೀಮಂತ. ಪಡಸಾಲೆಯ ತುಂಬ ಜಮಖಾನೆ ಹಾಸಿದ್ದರು. ಹೆಂಗಸರೆಲ್ಲ ನೆಲದ ಮೇಲೆ ಕೂತು ಊಟ ಮಾಡಿದೆವು. ಎಷ್ಟೋ ವರ್ಷಗಳ ಮೇಲೆ ನಾನೂ ಪಂಕ್ತಿಯಲ್ಲಿ ಕೂತಿದ್ದೆ. ಅದಕ್ಕೂ ಮೊದಲು ಯಾರ ಮನೆಗೆ ಹೋದರೂ, ಕೇಳದಿದ್ದರೂ, ನನಗೊಂದು ಕುರ್ಚಿ ಬರುತ್ತಿತ್ತು. ಆವತ್ತು ಕುರ್ಚಿ ಬೇಡ ಅಂದೆ. 118 ಕೆಜಿ ಇದ್ದವಳು 89ಕ್ಕೆ ಬಂದಿದ್ದೆ. ಕಾಲು ಮಡಚಿ ಕೂರುವುದು ಸಲೀಸಾಗಿತ್ತು.

ಏಳುವುದು ಆಗಲಿಲ್ಲ.

ಒಂದು ಕೈ ಊರಿದೆ. ಸಾಲಲಿಲ್ಲ. ಎರಡೂ ಕೈ ಊರಿ ಮೊಣಕಾಲ ಮೇಲೆ ಬಂದೆ. ಅಲ್ಲಿಂದ ಮೇಲಕ್ಕೆ ಬರಬೇಕೆಂದರೆ ತೊಡೆ ಗಡಗಡ ನಡುಗಿತು. ಮೊದಲಾಗಿದ್ದರೆ ಭಾರ ಅಂತ ಏಳಲು ಆಗುತ್ತಿರಲಿಲ್ಲ. ಈಗ ಭಾರ ಇಳಿದಿದೆ, ಆದರೂ ಆಗುತ್ತಿಲ್ಲ. ವೈನಿ ಒಂದು ಕಡೆ, ಅವರ ತಂಗಿ ಇನ್ನೊಂದು ಕಡೆ ರಟ್ಟೆ ಹಿಡಿದು ಎಬ್ಬಿಸಿದರು. ಬಾಗಿಲ ಪಕ್ಕ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಕೂತಿದ್ದ ದೊಡ್ಡವ್ವ ನೋಡುತ್ತಲೇ ಇದ್ದಳು.

"ಹಗುರ ಏನೋ ಆಗೀದಿ ಯವ್ವಾ. ಗಟ್ಟಿ ಆಗಿಲ್ಲ," ಅಂದಳು.

ನನಗೆ ಆಪರೇಷನ್ ಆಗಿದ್ದು ದೊಡ್ಡವ್ವನಿಗೆ ಗೊತ್ತಿರಲಿಲ್ಲ. ಮನೆಯ ನಾಲ್ಕು ಜನರನ್ನು ಬಿಟ್ಟರೆ ಬಳಗದಲ್ಲಿ ಯಾರಿಗೂ ಹೇಳಿರಲಿಲ್ಲ. ಆದರೆ ಐದು ತಿಂಗಳಲ್ಲಿ ನನಗೆ ಯಾರೂ ಹೇಳದ ಮಾತನ್ನು ಅವಳು ಒಂದೇ ಉಸಿರಿನಲ್ಲಿ ಹೇಳಿದ್ದಳು. ವಿಜಯಪುರಕ್ಕೆ ವಾಪಸ್ ಬರುವಾಗ ಬಸ್ಸಿನಲ್ಲಿ ಅದೇ ಮಾತು ತಲೆಯಲ್ಲಿ ತಿರುಗುತ್ತಿತ್ತು. ಈ ಬರಹವೂ ಆ ಮಾತಿನ ಬಗ್ಗೆಯೇ. ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡವರು, ಮಾಡಿಸಿಕೊಳ್ಳಬೇಕು ಅಂತಿರುವವರು ಇದನ್ನು ಓದಲಿ ಅಂತ ನನ್ನ ಆಸೆ. ಆಪರೇಷನ್ ಬಗ್ಗೆ ಹೇಳುವವರು ಬೇಕಾದಷ್ಟು ಸಿಗುತ್ತಾರೆ. ಅದರ ಮುಂದಿನ ಎರಡು ವರ್ಷದ ಬಗ್ಗೆ, ಅದರಲ್ಲೂ ವ್ಯಾಯಾಮದ ಬಗ್ಗೆ, ನಮ್ಮ ಭಾಷೆಯಲ್ಲಿ ಹೇಳುವವರು ಕಡಿಮೆ.

ನನಗಾಗಿದ್ದು ಸ್ಲೀವ್ ಗ್ಯಾಸ್ಟ್ರೆಕ್ಟಮಿ. ಎರಡು ವರ್ಷದ ಹಿಂದಿನ ಡಿಸೆಂಬರ್‌ನಲ್ಲಿ, ಬೆಳಗಾವಿಯಲ್ಲಿ. ಜಠರದ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಕತ್ತರಿಸಿ ತೆಗೆದು, ಬಾಳೆಹಣ್ಣಿನ ಆಕಾರದ ಒಂದು ಸಣ್ಣ ಕೊಳವೆಯಷ್ಟೇ ಉಳಿಸುತ್ತಾರೆ. ದುರ್ಬೀನ್ ಆಪರೇಷನ್ ಅಂತೀವಲ್ಲ, ಹಾಗೆ. ಹೊಟ್ಟೆಯ ಮೇಲೆ ಐದು ಸಣ್ಣ ತೂತು, ಅಷ್ಟೇ. ನನಗೆ ಆಗ 43 ವರ್ಷ. ಬಿಪಿ ಇತ್ತು, ಸಕ್ಕರೆ ಕಾಯಿಲೆ ಶುರುವಾಗಿತ್ತು, ಎರಡೂ ಮೊಣಕಾಲು ಸವೆದಿದ್ದವು. ಸರಕಾರಿ ಶಾಲೆಯ ಟೀಚರ್ ನಾನು. ಪಾಠ ಮಾಡುವಾಗ ಹತ್ತು ನಿಮಿಷ ನಿಂತರೆ ಮೇಜಿಗೆ ಒರಗಬೇಕಾಗುತ್ತಿತ್ತು. ಡಯಟ್ ಮಾಡಿರಲಿಲ್ಲವಾ ಅಂತ ಕೇಳುವವರಿಗೆ ಒಂದು ಮಾತು. ಹದಿನೈದು ವರ್ಷದಲ್ಲಿ ಹತ್ತು ಸಲ ಇಳಿಸಿದ್ದೆ, ಹತ್ತು ಸಲವೂ ಬಡ್ಡಿ ಸಮೇತ ವಾಪಸ್ ಬಂದಿತ್ತು. ಅದರ ಬಗ್ಗೆ ಇಲ್ಲಿ ಇಷ್ಟು ಸಾಕು.

ವ್ಯಾಯಾಮ ಶುರುವಾಗಿದ್ದು ಆಪರೇಷನ್ ಆದ ದಿನ ಸಂಜೆಯೇ. ನರ್ಸ್ ಬಂದು "ಏಳ್ರಿ ಟೀಚರ್, ಅಡ್ಡಾಡೂಣು," ಅಂದರು. ಒಂದು ಕೈಯಲ್ಲಿ ಸಲೈನ್ ಸ್ಟ್ಯಾಂಡ್, ಇನ್ನೊಂದು ಕೈ ಅವರ ಹೆಗಲ ಮೇಲೆ. ವಾರ್ಡಿನ ಆ ತುದಿಯಿಂದ ಈ ತುದಿ. ಮಲಗಿಯೇ ಇದ್ದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು, ಅದು ಮೇಲೆ ಹೋಗಿ ಶ್ವಾಸಕೋಶಕ್ಕೆ ಸಿಕ್ಕಿಹಾಕಿಕೊಂಡರೆ ಜೀವಕ್ಕೇ ಅಪಾಯ. ಅದಕ್ಕೇ ಆ ನಡಿಗೆ. ಮೂರು ಚೆಂಡಿನ ಒಂದು ಪ್ಲಾಸ್ಟಿಕ್ ಡಬ್ಬಿಯನ್ನೂ ಕೊಟ್ಟಿದ್ದರು. ಉಸಿರು ಎಳೆದು ಚೆಂಡು ಮೇಲೇರಿಸಬೇಕು. ಮೊದಲ ದಿನ ಒಂದೇ ಚೆಂಡು ಎದ್ದಿತು.

ಡಿಸ್ಚಾರ್ಜ್ ಆಗಿ ಕಾರಿನಲ್ಲಿ ಬರುವಾಗಲೂ ತಾಸಿಗೊಮ್ಮೆ ಇಳಿದು ನಡೆಯಿರಿ ಅಂದಿದ್ದರು. ಲೋಕಾಪುರದಲ್ಲಿ ಇಳಿದೆ. ಮುಧೋಳದಲ್ಲಿ ಇಳಿದೆ. ಜಮಖಂಡಿಯಲ್ಲಿ ಇಳಿದೆ. ಕಬ್ಬಿನ ಸೀಸನ್. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳು ಸಾಲಾಗಿ ಹೋಗುತ್ತಿದ್ದವು. ರಸ್ತೆ ಬದಿಯಲ್ಲಿ ಸೀರೆ ಮೇಲೆ ಸ್ವೆಟರ್ ಹಾಕಿಕೊಂಡು ನಾನು ಐವತ್ತು ಹೆಜ್ಜೆ ಹೋಗಿ ಐವತ್ತು ಹೆಜ್ಜೆ ಬರುತ್ತಿದ್ದೆ. ನಮ್ಮ ಮನೆಯವರು ಪಕ್ಕದಲ್ಲೇ ನಡೆಯುತ್ತಾ ಎಣಿಸುತ್ತಿದ್ದರು.

ಮೊದಲ ಆರು ವಾರ ನಡಿಗೆ ಬಿಟ್ಟು ಬೇರೇನೂ ಮಾಡಬಾರದು. ನಾಲ್ಕೈದು ಕೆಜಿಗಿಂತ ಜಾಸ್ತಿ ಎತ್ತಬಾರದು. ಹೊರಗಿನ ತೂತು ಬೇಗ ಒಣಗುತ್ತದೆ. ಒಳಗಿನ ಪದರ ಕೂಡಿಕೊಳ್ಳುವುದಕ್ಕೆ ಟೈಮ್ ಬೇಕು. ಅವಸರ ಮಾಡಿ ಭಾರ ಎತ್ತಿದರೆ ಅಲ್ಲೇ ಹರ್ನಿಯಾ ಆಗಬಹುದು. ಒಂದು ತುಂಬಿದ ಕೊಡ ಅಂದರೆ ಹತ್ತು ಕೆಜಿ ದಾಟಿತು. ನೀರು ಬಿಡುವ ದಿನ ಕೊಡ ಮುಟ್ಟದೆ ಸುಮ್ನೆ ಕೂರುವುದು ನಮ್ಮ ಕಡೆಯ ಹೆಂಗಸರಿಗೆ ಎಷ್ಟು ಕಷ್ಟ ಅಂತ ನಿಮಗೆ ಗೊತ್ತಲ್ವಾ? ಆದರೂ ಕೂತೆ. ಇದೊಂದು ವಿಷಯದಲ್ಲಿ ಯಾರೂ ಧೈರ್ಯ ತೋರಿಸಲು ಹೋಗಬೇಡಿ.

ಸಂಕ್ರಾಂತಿಯ ಹೊತ್ತಿಗೆ ಅಂಬೇಡ್ಕರ್ ಕ್ರೀಡಾಂಗಣಕ್ಕೆ ಹೋಗಲು ಶುರು ಮಾಡಿದೆ. ಅಲ್ಲಿನ ಟ್ರ್ಯಾಕ್ ಸುತ್ತ ಬೆಳಿಗ್ಗೆ ಐದೂವರೆಗೇ ಜನ ಇರುತ್ತಾರೆ. ಕಿವಿಗೆ ಮಫ್ಲರ್ ಸುತ್ತಿಕೊಂಡ ರಿಟೈರ್ಡ್ ಮಾಸ್ತರರು, ಪೊಲೀಸ್ ಭರ್ತಿಗೆ ಓಡುವ ಹುಡುಗರು. ವಿಜಯಪುರ ಅಂದರೆ ಸೈಕ್ಲಿಂಗ್ ಊರು, ಹಾಗಾಗಿ ತೊಡೆ ಕಲ್ಲಿನಂತಿರುವ ಸೈಕಲ್ ಹುಡುಗರೂ ಕಣ್ಣಿಗೆ ಬೀಳುತ್ತಾರೆ. ಅವರ ಮಧ್ಯೆ ನಾನು. ಮೊದಲ ದಿನ ಒಂದೇ ಸುತ್ತು. ಹತ್ತು ದಿನಕ್ಕೆ ಎರಡು. ಫೆಬ್ರವರಿ ಮುಗಿಯುವಾಗ ಐದು ಸುತ್ತು, ಅಂದರೆ ಎರಡು ಕಿಲೋಮೀಟರ್.

ಮೊಣಕಾಲು ನೋವು ಇಷ್ಟು ಬೇಗ ಕಡಿಮೆ ಆಗುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ. ಅದಕ್ಕೊಂದು ಲೆಕ್ಕ ಇದೆ. ಮೈತೂಕ ಒಂದು ಕೆಜಿ ಇಳಿದರೆ ಪ್ರತಿ ಹೆಜ್ಜೆಯಲ್ಲಿ ಮೊಣಕಾಲ ಮೇಲೆ ಬೀಳುವ ಭಾರ ಸುಮಾರು ನಾಲ್ಕು ಕೆಜಿ ಕಡಿಮೆ ಆಗುತ್ತದೆ. ನಾನು 29 ಕೆಜಿ ಇಳಿದ ದಿನ ಕೂತು ಗುಣಿಸಿ ನೋಡಿದೆ. 116 ಕೆಜಿ ಬಂತು. ಹೆಚ್ಚುಕಡಿಮೆ ಮೊದಲಿನ ನಾನೇ ಪೂರ್ತಿಯಾಗಿ ಆ ಮೊಣಕಾಲಿನಿಂದ ಇಳಿದು ಹೋದ ಹಾಗೆ. ಆ ಲೆಕ್ಕದ ಚೀಟಿ ಇನ್ನೂ ನನ್ನ ಡೈರಿಯಲ್ಲಿದೆ.

ತಪ್ಪು ನಡೆದಿದ್ದು ಅದರ ಮುಂದೆ.

ಮೂರನೇ ತಿಂಗಳಿಗೆ ಒಂದು ಜಿಮ್ ಸೇರಿದೆ. ಆಪರೇಷನ್ ಆಗಿದೆ ಅಂತ ಮೊದಲ ದಿನವೇ ಹೇಳಿದೆ. ಅಲ್ಲಿನ ಟ್ರೇನರ್ ನನ್ನನ್ನು ಡಂಬೆಲ್ ಕಡೆ ಹೋಗಲೇ ಬಿಡಲಿಲ್ಲ. "ಭಾರ ಎತ್ತಿದ್ರ ಮತ್ತ ದಪ್ಪ ಆಗ್ತೀರಿ ಮೇಡಂ, ಹೆಂಗಸರಿಗೆ ಕಾರ್ಡಿಯೋ ಸಾಕು," ಅಂದ. ಖಾಲಿ ಹೊಟ್ಟೆಯಲ್ಲಿ ಒಂದು ತಾಸು ಟ್ರೆಡ್‌ಮಿಲ್. ನಾನೂ ಹೌದು ಅಂದುಕೊಂಡೆ. ತೂಕದ ಮಷೀನು ವಾರ ವಾರ ಕೆಳಗೆ ಇಳಿಯುತ್ತಿತ್ತಲ್ಲ, ಇನ್ನೇನು ಬೇಕು? ಇವತ್ತಿಗೂ ಆ ಮಾತು ನೆನಪಾದರೆ ಸಿಟ್ಟು ಬರುತ್ತದೆ. ಹೆಂಗಸರಿಗೆ ಭಾರ ಬೇಡ ಅನ್ನುವ ಮಾತು ಎಷ್ಟು ಜನ ಅಕ್ಕಂದಿರ, ಅವ್ವಂದಿರ ಮೂಳೆ ಸವೆಸಿದೆಯೋ.

ಏಕೆ ಅಂತ ಹೇಳುತ್ತೇನೆ. ಈ ಆಪರೇಷನ್ ಆದ ಮೇಲೆ ಮೊದಲ ಆರು ತಿಂಗಳು ತೂಕ ಜೋರಾಗಿ ಇಳಿಯುತ್ತದೆ. ಆದರೆ ಇಳಿಯುವುದೆಲ್ಲ ಕೊಬ್ಬಲ್ಲ. ಹೊಟ್ಟೆಗೆ ಬೀಳುವುದು ಅಷ್ಟು ಕಡಿಮೆ ಆದಾಗ ಮೈ ತನ್ನ ಮಾಂಸಖಂಡವನ್ನೂ ಕರಗಿಸುತ್ತದೆ. ಇಳಿದ ತೂಕದಲ್ಲಿ ಸುಮಾರು ಕಾಲುಭಾಗ ಹಾಗೆ ಹೋಗಿರಬಹುದು. ಮಷೀನಿಗೆ ಕೊಬ್ಬು ಯಾವುದು, ಮಾಂಸಖಂಡ ಯಾವುದು ಗೊತ್ತಾಗುವುದಿಲ್ಲ. ಅದು ಒಟ್ಟು ನಂಬರ್ ತೋರಿಸುತ್ತದೆ, ನಾವು ಖುಷಿ ಪಡುತ್ತೇವೆ. ಮೂಳೆಯೂ ತೆಳ್ಳಗಾಗುತ್ತಾ ಹೋಗುತ್ತದೆ. ಇದನ್ನು ತಡೆಯಬೇಕೆಂದರೆ ಎರಡೇ ದಾರಿ. ಬೇಕಾದಷ್ಟು ಪ್ರೋಟೀನ್ ತಿನ್ನಬೇಕು, ಮತ್ತು "ನೀನು ಇನ್ನೂ ಬೇಕು" ಅಂತ ಮಾಂಸಖಂಡಕ್ಕೆ ಗೊತ್ತಾಗುವ ಹಾಗೆ ಭಾರದ ಕೆಲಸ ಕೊಡಬೇಕು. ನಡಿಗೆ ಎದೆಗೆ, ಉಸಿರಿಗೆ, ಮನಸ್ಸಿಗೆ ಒಳ್ಳೆಯದು. ತೊಡೆ ಕಾಯಲು ಅದೊಂದೇ ಸಾಲದು.

ಏಪ್ರಿಲ್‌ನಲ್ಲಿ ಇನ್ನೊಂದು ಪಾಠ ಆಯಿತು. ನಮ್ಮ ಊರಿನ ಬಿಸಿಲು ನಿಮಗೆ ಗೊತ್ತು. ಏಳೂವರೆಗೇ ಕಣ್ಣು ಕುಕ್ಕುತ್ತದೆ, ಮಧ್ಯಾಹ್ನಕ್ಕೆ 40 ಡಿಗ್ರಿ. ಒಂದು ದಿನ ಲೇಟಾಗಿ ಎದ್ದು ಆ ಬಿಸಿಲಿಗೇ ಸ್ಟೇಡಿಯಂಗೆ ಹೋದೆ. ನಾಲ್ಕನೇ ಸುತ್ತಿಗೆ ಕಣ್ಣು ಕತ್ತಲೆ ಬಂತು. ಗೇಟಿನ ಹೊರಗೆ ಮಜ್ಜಿಗೆ ಇಟ್ಟುಕೊಂಡು ಕೂರುವ ಹೆಂಗಸೊಬ್ಬರು ಓಡಿ ಬಂದು, ನೆರಳಿಗೆ ಕೂರಿಸಿ, ಗ್ಲಾಸ್ ಬಾಯಿಗೆ ಹಿಡಿದರು. "ಗಟಗಟ ಕುಡದಬಿಡ್ರಿ ಅಕ್ಕಾರ, ತಂಪಾಗತೈತಿ." ಗಟಗಟ ಕುಡಿಯಲು ನನಗೆ ಆಗುವುದಿಲ್ಲ ಅಂತ ಅವರಿಗೆ ಹೇಗೆ ಹೇಳಲಿ? ಒಂದು ಗುಟುಕು ಜಾಸ್ತಿ ಆದರೂ ಎದೆ ಹಿಡಿದುಕೊಳ್ಳುತ್ತದೆ. ಮೊದಲು ತಂಬಿಗೆ ಎತ್ತಿ ಒಂದೇ ದಮ್ಮಿಗೆ ಖಾಲಿ ಮಾಡುತ್ತಿದ್ದವಳು ನಾನು. ಆವತ್ತು ಆ ಒಂದು ಗ್ಲಾಸ್ ಉಪ್ಪು ಮಜ್ಜಿಗೆಯನ್ನು ಚಮಚದಷ್ಟು ಚಮಚದಷ್ಟೇ ಇಪ್ಪತ್ತು ನಿಮಿಷ ಕುಡಿದೆ. ಅಷ್ಟು ಹೊತ್ತೂ ಅವರು ವ್ಯಾಪಾರ ಬಿಟ್ಟು ಸೆರಗಿನಿಂದ ಗಾಳಿ ಹಾಕುತ್ತಾ ಪಕ್ಕದಲ್ಲೇ ಕೂತಿದ್ದರು.

ಡಾಕ್ಟರ್ ಹತ್ತಿರ ಹೋದಾಗ ಕಾರಣ ಎರಡು ಅಂತ ಗೊತ್ತಾಯಿತು. ನೀರು ಸಾಲದು, ಅದೊಂದು. ಬಿಪಿ ಗುಳಿಗೆ ಇನ್ನೊಂದು. ಮೈ ಇಳಿದ ಹಾಗೆ ಬಿಪಿಯೂ ಇಳಿದಿತ್ತು, ಗುಳಿಗೆ ಮಾತ್ರ 118 ಕೆಜಿ ಕಾಲದ್ದೇ ನುಂಗುತ್ತಿದ್ದೆ. ಆಮೇಲೆ ಅದನ್ನು ಅರ್ಧ ಮಾಡಿದರು, ಮುಂದೆ ನಿಲ್ಲಿಸಿದರು. ಬಿಪಿ, ಸಕ್ಕರೆ ಗುಳಿಗೆ ತಗೊಳ್ಳುವವರು ವ್ಯಾಯಾಮ ಶುರು ಮಾಡುವ ಮೊದಲು ಇದನ್ನು ಕೇಳಿಕೊಳ್ಳಿ. ನೀವಾಗಿಯೇ ನಿಲ್ಲಿಸಬೇಡಿ, ಹಳೆಯ ಡೋಸ್ ಸುಮ್ನೆ ಮುಂದುವರಿಸಲೂಬೇಡಿ. ಇನ್ನು ನೀರು. ನಾನು ಈಗ ಒಂದು ಬಾಟಲಿ ಯಾವಾಗಲೂ ಕೈಯಲ್ಲೇ ಇಟ್ಟುಕೊಳ್ಳುತ್ತೇನೆ. ಇಂಡಿ ಲಿಂಬೆಹಣ್ಣು ಅರ್ಧ ಹೋಳು, ಚಿಟಿಕೆ ಉಪ್ಪು, ಸಕ್ಕರೆ ಇಲ್ಲ. ಕ್ಲಾಸಿನಲ್ಲಿ ಒಂದು ಲೆಕ್ಕ ಬಿಡಿಸಿದರೆ ಒಂದು ಗುಟುಕು. ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ಹೀಗೇ ಆಗಬೇಕು, ಅದೂ ಊಟದ ಜೊತೆ ಅಲ್ಲ. ಉಂಡು ಅರ್ಧ ತಾಸು ಬಿಟ್ಟು.

ಅದಾದ ತಿಂಗಳಿಗೇ ಕುಬಸ, ದೊಡ್ಡವ್ವನ ಮಾತು.

ಜೂನ್‌ನಲ್ಲಿ ಜಿಮ್ ಬಿಟ್ಟು ಒಬ್ಬ ಫಿಸಿಯೋಥೆರಪಿಸ್ಟ್ ಹತ್ತಿರ ಹೋದೆ. ನನಗಿಂತ ಹದಿನೈದು ವರ್ಷ ಚಿಕ್ಕ ಹುಡುಗಿ. ತೂಕ ಎಷ್ಟು ಅಂತ ಅವರು ಕೇಳಲೇ ಇಲ್ಲ. ಒಂದು ಕುರ್ಚಿ ಗೋಡೆಗೆ ಒತ್ತಿ ಇಟ್ಟರು. ಎರಡೂ ಕೈ ಎದೆಯ ಮೇಲೆ ಅಡ್ಡ ಕಟ್ಟಿಕೊಂಡು, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತೀರಿ ನೋಡೋಣ ಅಂದರು. ನಾನು ಎಂಟು ಮಾಡಿದೆ. ಒಂಬತ್ತನೆಯದಕ್ಕೆ ಅರ್ಧ ಎದ್ದು ಕುಸಿದೆ. ಅರ್ಧ ಲೆಕ್ಕಕ್ಕಿಲ್ಲ ಅಂದರು. 60ರಿಂದ 64 ವರ್ಷದ ಹೆಂಗಸರೇ 12ಕ್ಕಿಂತ ಕಡಿಮೆ ಮಾಡಿದರೆ ಕಾಲಿನ ಶಕ್ತಿ ಕಡಿಮೆ ಅಂತ ಲೆಕ್ಕ. ನನಗೆ 44 ನಡೆಯುತ್ತಿತ್ತು. ಆ ಹುಡುಗಿ ಬೈಯಲಿಲ್ಲ, ಪಾಪ ಅನ್ನಲೂ ಇಲ್ಲ. ಎಂಟು ಅಂತ ಬರೆದುಕೊಂಡು "ಇಲ್ಲಿಂದ ಶುರು ಮಾಡೋಣ ಮೇಡಂ," ಅಂದರು. ಆ ಮಾತಿಗೆ ನನ್ನ ಕಣ್ಣು ತುಂಬಿ ಬಂತು.

ಮನೆಗೆ ಬಂದು ಅಪ್ಪನಿಗೆ ಫೋನಿನಲ್ಲಿ ಹೇಳಿದೆ. ಅಪ್ಪನಿಗೆ ಈಗ 74. ಹುಡುಗನಾಗಿದ್ದಾಗ ಊರ ಗರಡಿ ಮನೆಯಲ್ಲಿ ಸಾಮು ಮಾಡಿದವರು, ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತಿದವರು. ಕುರ್ಚಿಯ ವಿಷಯ ಕೇಳಿ, "ಅದು ಬಸ್ಕಿ ಅಲ್ಲೇನು? ಕುರ್ಚಿ ಇಟ್ಟು ಬಸ್ಕಿ ಹೊಡಸ್ಯಾರ, ಅಷ್ಟ," ಅಂದರು. ಆಮೇಲೆ ಕಲ್ಲು ಎತ್ತುವುದು ಹೇಗೆ ಅಂತ ಹೇಳಿದರು. ಕಲ್ಲನ್ನು ನೆಲದಿಂದ ನೇರ ಹೆಗಲಿಗೆ ಯಾರೂ ಎತ್ತುವುದಿಲ್ಲ. ಮೊದಲು ನೆಲ ಬಿಡಿಸಬೇಕು. ಆಮೇಲೆ ತೊಡೆಗೆ. ತೊಡೆಯ ಮೇಲೆ ಇಟ್ಟುಕೊಂಡು ದಮ್ಮು ತಗೋಬೇಕು. ಅಲ್ಲಿಂದ ಎದೆಗೆ. ಎದೆಯಿಂದ ಹೆಗಲಿಗೆ. "ಹೊಸಬ ಇದ್ದಾವ ಎರಡು ತಿಂಗಳು ಬರೇ ನೆಲಾ ಬಿಡಿಸೂದು ಕಲೀತಾನ. ಆಮ್ಯಾಲ ತೊಡಿ ಮಾತು." ಫಿಸಿಯೋ ಹುಡುಗಿ ಹೇಳಿದ್ದೂ ಇದನ್ನೇ. ಅವರ ಮಾತಿನಲ್ಲಿ ಇಂಗ್ಲಿಷ್ ಜಾಸ್ತಿ ಇತ್ತು, ಅಷ್ಟೇ.

ವಾರಕ್ಕೆ ಮೂರು ದಿನ ಭಾರದ ಕೆಲಸ, ಉಳಿದ ದಿನ ನಡಿಗೆ. ಕುರ್ಚಿ ಬಸ್ಕಿ. ಗೋಡೆಗೆ ಕೈ ಊರಿ ದಂಡ. ಮೆಟ್ಟಿಲ ಮೇಲೆ ಹತ್ತಿ ಇಳಿಯುವುದು. ಇವುಗಳ ಜೊತೆ ನನಗೆ ತುಂಬ ಇಷ್ಟವಾಗಿದ್ದು ಕೊಡ.

ಕೊಡದ ಐಡಿಯಾ ನಮ್ಮದೇ. ಮನೆಯಲ್ಲಿ ಡಂಬೆಲ್ ಇರಲಿಲ್ಲ. ಹಿಡಿ ಇರುವ ಒಂದು ಪ್ಲಾಸ್ಟಿಕ್ ಕೊಡ ಇತ್ತು, 15 ಲೀಟರಿನದು. ಮೊದಲ ವಾರ ಅದರಲ್ಲಿ ಮೂರು ಲೀಟರ್ ನೀರು ಹಾಕಿದೆ. ಎರಡೂ ಪಾದದ ನಡುವೆ ಕೊಡ ಇಟ್ಟು, ಸೊಂಟ ಹಿಂದಕ್ಕೆ ತಳ್ಳಿ, ಬೆನ್ನು ನೆಟ್ಟಗೆ ಇಟ್ಟು, ಎರಡೂ ಕೈಯಿಂದ ಹಿಡಿದು, ಉಸಿರು ಬಿಡುತ್ತಾ ಎದ್ದು ನಿಲ್ಲಬೇಕು. ಆಮೇಲೆ ಸದ್ದಾಗದ ಹಾಗೆ ಕೆಳಗಿಡಬೇಕು. ಹತ್ತು ಸಲ. ಕೂತು ದಣಿವಾರಿಸಿಕೊಂಡು ಮತ್ತೆ ಹತ್ತು. ಉಸಿರು ಕಟ್ಟಬಾರದು. ಹೊಟ್ಟೆಯ ಹಳೆಯ ತೂತಿನ ಜಾಗದಲ್ಲಿ ಎಳೆದ ಹಾಗಾದರೆ ಅಲ್ಲಿಗೇ ನಿಲ್ಲಿಸಬೇಕು. ಪ್ರತಿ ಭಾನುವಾರ ಒಂದು ಸಣ್ಣ ತಂಬಿಗೆ ನೀರು ಕೂಡಿಸುತ್ತಿದ್ದೆ, ಮುಕ್ಕಾಲು ಲೀಟರ್. ಮಗಳು ಕೊಡದ ಹೊರಗೆ ಸ್ಕೆಚ್ ಪೆನ್ನಿನಲ್ಲಿ ಗೆರೆ ಎಳೆದು ತಾರೀಕು ಬರೆಯುತ್ತಿದ್ದಳು. ಒಳಗಿನ ನೀರು ಅಲುಗಾಡುವುದರಿಂದ ಕೊಡ ಸುಮ್ನೆ ನಿಲ್ಲುವುದಿಲ್ಲ. ಅದನ್ನು ಸ್ಥಿರವಾಗಿ ಹಿಡಿಯಲು ಹೊಟ್ಟೆ, ಬೆನ್ನು, ಮುಂಗೈ ಎಲ್ಲ ಕೆಲಸ ಮಾಡಬೇಕು. ದಸರೆ ರಜೆ ಮುಗಿಯುವ ಹೊತ್ತಿಗೆ ಗೆರೆ ಕೊರಳಿಗೆ ಬಂದಿತ್ತು. ತುಂಬಿದ ಕೊಡ.

ಇದರ ನಡುವೆ ಒಂದು ವಾರ ತೂಕದ ಮಷೀನು ಮೇಲಕ್ಕೆ ಹೋಯಿತು. ಒಂದು ಕೆಜಿ ಚಿಲ್ಲರೆ. ಎದೆ ಧಸಕ್ಕೆಂದಿತು. ಹನ್ನೊಂದನೇ ಸಲವೂ ಅದೇ ಕತೆ ಆಗುತ್ತದೆ ಅಂತ ಅತ್ತೆ. ಭಾರ ಎತ್ತಲು ಶುರು ಮಾಡಿದ ಹೊಸದರಲ್ಲಿ ಮಾಂಸಖಂಡ ನೀರು ಹಿಡಿದಿಟ್ಟುಕೊಳ್ಳುತ್ತದೆ, ಅದು ಸಹಜ ಅಂತ ಫಿಸಿಯೋ ಹೇಳಿದರೂ ಮನಸ್ಸು ಒಪ್ಪಲಿಲ್ಲ. ಒಪ್ಪಿಸಿದ್ದು ನಮ್ಮ ಬ್ಲೌಸ್ ಹೊಲಿಯುವ ಟೇಲರ್ ಅಕ್ಕ. ಗುಳೇದಗುಡ್ಡದ ಖಣದ ಒಂದು ಹಳೆಯ ಬ್ಲೌಸ್ ಹಿಡಿಸಿಕೊಡಿ ಅಂತ ಕೊಟ್ಟಿದ್ದೆ. ಅಳತೆ ತೆಗೆಯುತ್ತಾ ಅವರು ಟೇಪನ್ನು ಎರಡೆರಡು ಸಲ ನೋಡಿದರು. "ಸೊಂಟ ಎರಡು ಇಂಚು ಕಡಿಮಿ ಆಗೈತ್ರಿ ಟೀಚರ್. ತೋಳು ಮಾತ್ರ ಹಿಡೀಬ್ಯಾಡ್ರಿ, ರಟ್ಟಿ ಗಟ್ಟಿ ಆಗ್ಯಾವ." ಅವತ್ತಿನಿಂದ ಮಷೀನಿನ ಮೇಲೆ ತಿಂಗಳಿಗೆ ಒಂದೇ ಸಲ ನಿಲ್ಲುತ್ತೇನೆ.

ಊಟದ ಮಾತು ಹೇಳದಿದ್ದರೆ ಇದು ಪೂರ್ತಿ ಆಗುವುದಿಲ್ಲ. ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಬೇಕು. ನಮ್ಮದು ತತ್ತಿ ಕೂಡ ಮುಟ್ಟದ ಮನೆ. ಇಷ್ಟು ಸಣ್ಣ ಹೊಟ್ಟೆಯಲ್ಲಿ ಅಷ್ಟನ್ನು ಹಿಡಿಸುವುದು ಭಾರ ಎತ್ತುವುದಕ್ಕಿಂತ ಕಷ್ಟ. ತಟ್ಟೆಯಲ್ಲಿ ಕ್ರಮ ಬದಲಾಯಿಸಿದೆ. ಮೊದಲು ಕಾಳು ಪಲ್ಯ, ಪನೀರು ಅಥವಾ ಗಟ್ಟಿ ಮೊಸರು. ಆಮೇಲೆ ಜಾಗ ಉಳಿದರೆ ರೊಟ್ಟಿ. ನೆನೆಸಿದ ಮಡಿಕೆ ಕಾಳು, ಹೆಸರು ಕಾಳು ವಾರದಲ್ಲಿ ನಾಲ್ಕು ದಿನ. ಸೋಯಾ ಚಂಕ್ಸ್ ಒಣಗಿದ್ದು 50 ಗ್ರಾಂ ಅಂದರೆ 25 ಗ್ರಾಂ ಪ್ರೋಟೀನ್ ಬರುತ್ತದೆ. ಅದನ್ನು ಪುಡಿ ಮಾಡಿ ಝುಣಕದ ಹಿಟ್ಟಿಗೆ ಸೇರಿಸುತ್ತೇನೆ, ಮನೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಶೇಂಗಾ ಹಿಂಡಿಯಲ್ಲಿ ಪ್ರೋಟೀನ್ ಇದೆ, ಆದರೆ ಎಣ್ಣೆಯಂಶವೂ ಜಾಸ್ತಿ. ಹಾಗಾಗಿ ಚಮಚದ ಲೆಕ್ಕ. ಎಷ್ಟು ಮಾಡಿದರೂ ಕಡಿಮೆ ಬೀಳುವ ದಿನ ಡಾಕ್ಟರ್ ಹೇಳಿದ ಪ್ರೋಟೀನ್ ಪುಡಿ. ರೊಟ್ಟಿ ಬಿಡಲು ನನ್ನಿಂದ ಆಗಲಿಲ್ಲ, ಬಿಡಬೇಕಾಗಿಯೂ ಇಲ್ಲ. ಅರ್ಧ ಖಡಕ್ ರೊಟ್ಟಿಯನ್ನು ಇಪ್ಪತ್ತು ನಿಮಿಷ ಅಗಿದು ತಿನ್ನುತ್ತೇನೆ. ಅದರ ರುಚಿ ಮೊದಲಿಗಿಂತ ಜಾಸ್ತಿ ಗೊತ್ತಾಗುತ್ತದೆ, ನಿಜವಾಗಿ.

ನವೆಂಬರ್‌ನಲ್ಲಿ ಶಾಲೆಯ ಮಕ್ಕಳನ್ನು ಗೋಳಗುಮ್ಮಟಕ್ಕೆ ಕರೆದುಕೊಂಡು ಹೋದೆವು. ಊರಲ್ಲೇ ಇದ್ದರೂ ಮೇಲೆ ಹತ್ತಿ ಹನ್ನೆರಡು ವರ್ಷ ಆಗಿತ್ತು. ಕೆಳಗೆ ನಿಂತು ಮಕ್ಕಳಿಗೆ ಪಾಠ ಹೇಳಿದೆ. ಮುಹಮ್ಮದ್ ಆದಿಲ್ ಶಾಹನ ಗೋರಿ, 1656ರಲ್ಲಿ ಕೆಲಸ ನಿಂತಿದ್ದು, ನಡುವೆ ಒಂದೂ ಕಂಬ ಇಲ್ಲದೆ ನಿಂತ ಗುಮ್ಮಟ, ಹೊರಗಿನ ಅಡ್ಡಗಲ ಸುಮಾರು 44 ಮೀಟರ್. ಆಮೇಲೆ ಮೂಲೆಯ ಗೋಪುರದ ಕಿರಿದಾದ ಕಲ್ಲಿನ ಮೆಟ್ಟಿಲು ಹಿಡಿದೆವು. ಏಳು ಅಂತಸ್ತು. ತುಂಬಿದ ಕೊಡ ಎತ್ತುವವಳಿಗೆ ಇದೇನು ಮಹಾ ಅಂದುಕೊಂಡಿದ್ದೆ. ನಾಲ್ಕನೇ ಅಂತಸ್ತಿಗೆ ಉಸಿರು ಸಾಲದೆ ಕೂತುಬಿಟ್ಟೆ. ಕಾಲು ಸೋತಿರಲಿಲ್ಲ. ಎದೆ ಡವಡವ ಅಂತಿತ್ತು. ಮೇಲಿನಿಂದ ಮಕ್ಕಳು "ಟೀಚರ್" ಅಂತ ಕೂಗಿದ್ದು ಗುಮ್ಮಟದೊಳಗೆ ಮತ್ತೆ ಮತ್ತೆ ಮೊಳಗುತ್ತಿತ್ತು. ನಾನು ಮೆಟ್ಟಿಲ ಮೇಲೆ, ಕಿಂಡಿಯಿಂದ ಬರುವ ಗಾಳಿಗೆ ಮುಖ ಒಡ್ಡಿ ಕೂತಿದ್ದೆ.

ವ್ಯಾಯಾಮ ಸಾಲುತ್ತಿಲ್ಲ ಅಂದುಕೊಂಡು ಎರಡು ವಾರ ನಡಿಗೆ ಜಾಸ್ತಿ ಮಾಡಿದೆ. ಇನ್ನೂ ಸುಸ್ತಾಯಿತು. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 9.6. ಹೆಂಗಸರಿಗೆ 12 ಇರಬೇಕು. ಬಿ12 ಕೂಡ ಕಡಿಮೆ. ತಪ್ಪು ನನ್ನದೇ. ಕಬ್ಬಿಣದ ಗುಳಿಗೆಯಿಂದ ಹೊಟ್ಟೆ ಕಟ್ಟುತ್ತದೆ ಅಂತ ಆಗಸ್ಟ್‌ನಲ್ಲೇ ಬಿಟ್ಟಿದ್ದೆ, ಯಾರಿಗೂ ಹೇಳಿರಲಿಲ್ಲ. ಈ ಆಪರೇಷನ್ ಆದವರು ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಜೀವನಪೂರ್ತಿ ತಗೋಬೇಕು. ಕತ್ತರಿಸಿ ತೆಗೆದ ಭಾಗವೇ ಬಿ12 ಹೀರಿಕೊಳ್ಳಲು ಬೇಕಾದ ವಸ್ತುವನ್ನು ತಯಾರಿಸುತ್ತಿತ್ತು. ಕಬ್ಬಿಣ ಮತ್ತು ಕ್ಯಾಲ್ಸಿಯಂ ಒಟ್ಟಿಗೆ ನುಂಗಬಾರದು, ನಡುವೆ ಎರಡು ತಾಸು ಇರಬೇಕು. ಕಬ್ಬಿಣದ ಗುಳಿಗೆ ಜೊತೆ ಚಹಾ ಕೂಡ ಬೇಡ. ಈಗ ರಾತ್ರಿ ಮಲಗುವ ಮುಂಚೆ ಕಬ್ಬಿಣ ನುಂಗುತ್ತೇನೆ, ಬೇರೆ ಕಂಪನಿಯ ಗುಳಿಗೆ ಬರೆದುಕೊಟ್ಟರು, ಹೊಟ್ಟೆಗೆ ಒಗ್ಗಿದೆ. ಮೂರು ತಿಂಗಳಿಗೆ 11.8 ಆಯಿತು. ಉಸಿರು ಕಟ್ಟಿದ್ದಕ್ಕೆಲ್ಲ ನಮ್ಮನ್ನು ನಾವೇ ಸೋಮಾರಿ ಅಂತ ಬೈದುಕೊಳ್ಳುತ್ತೇವಲ್ಲ, ಒಂದು ಸಲ ರಕ್ತ ತೋರಿಸಿ ಆಮೇಲೆ ಬೈದುಕೊಳ್ಳೋಣ.

ಕೂದಲು ಉದುರಿದ್ದು, ಮತ್ತೆ ಬಂದದ್ದು, ಇವೆಲ್ಲ ಬಹಳ ಜನರಿಗೆ ಆಗುವಂಥದ್ದೇ. ಜೋತುಬಿದ್ದ ಚರ್ಮದ ಬಗ್ಗೆ ಮಾತ್ರ ಒಂದು ಮಾತು, ಯಾಕೆಂದರೆ ಅದಕ್ಕೇ ಎಷ್ಟೋ ಹೆಂಗಸರು ನಡಿಗೆ ಬಿಡುತ್ತಾರೆ. ಹೊಟ್ಟೆಯ ಕೆಳಗೆ, ತೊಡೆಯ ಒಳಗೆ ಬೆವರಿ ಉಜ್ಜಿ ಕೆಂಪಾಗುತ್ತದೆ. ಬೇಸಿಗೆಯಲ್ಲಿ ಉರಿ ತಡೆಯಲಾಗುವುದಿಲ್ಲ. ಒಳಗೆ ಮೈಗೆ ಹತ್ತುವ ಹತ್ತಿಯ ಉದ್ದ ಚಡ್ಡಿ, ಮೇಲೆ ಚೂಡಿದಾರ. ಬಂದ ತಕ್ಷಣ ಸ್ನಾನ ಮಾಡಿ ಪೂರ್ತಿ ಒರೆಸಿಕೊಳ್ಳುವುದು. ಇಷ್ಟರಿಂದಲೇ ನನಗೆ ಮುಕ್ಕಾಲು ಕಷ್ಟ ಹೋಯಿತು. ವ್ಯಾಯಾಮದಿಂದ ಚರ್ಮ ಬಿಗಿಯಾಗುವುದಿಲ್ಲ. ಅದನ್ನು ಯಾರಾದರೂ ಹೇಳಿದರೆ ನಂಬಬೇಡಿ. ಆ ಚರ್ಮದೊಳಗೆ ಇಷ್ಟು ದಿನ ನನ್ನನ್ನು ಹೊತ್ತ ಮೈ ಇದೆ. ಅದರ ಮೇಲೆ ನನಗೆ ಈಗ ಬೇಜಾರಿಲ್ಲ.

ಜನವರಿಯಲ್ಲಿ ಸಿದ್ಧೇಶ್ವರ ಜಾತ್ರೆಗೆ ಅಪ್ಪ ಬಂದಿದ್ದರು. ಭಾರ ಎತ್ತುವ ಸ್ಪರ್ಧೆ ನೋಡಲು ಇಬ್ಬರೂ ಹೋದೆವು. ಹಲಗೆ ಬಡಿಯುತ್ತಿದ್ದರು. ಒಬ್ಬ ಹುಡುಗ ಕಲ್ಲನ್ನು ತೊಡೆಗೆ ತಂದು, ಕಣ್ಣು ಮುಚ್ಚಿ ನಿಂತ. ಎಷ್ಟೋ ಹೊತ್ತು ನಿಂತ ಹಾಗನಿಸಿತು. ಜನ ಕೂಗುತ್ತಿದ್ದರು, ಅವನಿಗೆ ಅವಸರ ಇರಲಿಲ್ಲ. ಅಪ್ಪ ನನ್ನ ಮುಂಗೈ ಹಿಡಿದು "ನೋಡು, ದಮ್ಮು ತಗೋಳಾಕತ್ತಾನ," ಅಂದರು. ಚಿಕ್ಕವಳಿದ್ದಾಗ ನಮ್ಮಣ್ಣನನ್ನು ಗರಡಿಗೆ ಕರೆದುಕೊಂಡು ಹೋಗುತ್ತಿದ್ದರು, ನನ್ನನ್ನು ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ಆವತ್ತು ಮನೆಗೆ ಬಂದ ಮೇಲೆ ನನ್ನ ಕೊಡ ನೋಡಬೇಕು ಅಂದರು. ಎತ್ತಿ ತೋರಿಸಿದೆ. ಗೆರೆಗಳನ್ನೂ ತಾರೀಕುಗಳನ್ನೂ ಕನ್ನಡಕ ಹಾಕಿಕೊಂಡು ಒಂದೊಂದಾಗಿ ಓದಿದರು.

ಆ ಜಾತ್ರೆಯ ನಂತರವೇ ಆಪರೇಷನ್ ವಿಷಯ ಎಲ್ಲರಿಗೂ ಹೇಳಲು ಶುರು ಮಾಡಿದೆ. ಸ್ಟಾಫ್ ರೂಮಿನಲ್ಲಿ ಒಬ್ಬರು "ಹಂಗಾರ ಶಾರ್ಟ್‌ಕಟ್ ಅನ್ರಿ," ಅಂದರು. ಇಲ್ಲ ಅಂದೆ. ಅದು ದಾರಿಗೆ ಇಳಿಸುತ್ತದೆ, ನಡೆಯುವುದು ನಮ್ಮ ಕಾಲೇ ಅಂದೆ. ಮರುದಿನ ಇನ್ನಿಬ್ಬರು ಟೀಚರ್‌ಗಳು ಬಿಡುವಿನಲ್ಲಿ ಹತ್ತಿರ ಬಂದು, ತಮ್ಮ ಅಕ್ಕನಿಗೆ, ತಮ್ಮ ಮಗಳಿಗೆ ಅಂತ ಮೆಲ್ಲಗೆ ಕೇಳಿದರು. ಮುಚ್ಚಿಟ್ಟಿದ್ದರೆ ಅವರು ಯಾರನ್ನು ಕೇಳಬೇಕಿತ್ತು?

ಈಗ ನನ್ನ ತೂಕ 80. ನಡುವೆ 78ಕ್ಕೆ ಹೋಗಿ ಎರಡು ಕೆಜಿ ಬಂದಿದೆ. ಒಂದೂವರೆ ಎರಡು ವರ್ಷದ ಮೇಲೆ ಸ್ವಲ್ಪ ತೂಕ ವಾಪಸ್ ಬರುವುದು ಸಾಮಾನ್ಯ ಅಂತ ಡಾಕ್ಟರ್ ಹೇಳಿದ್ದಾರೆ. ಅದಕ್ಕೇ ನಿಲ್ಲಿಸಿಲ್ಲ. ಕುರ್ಚಿ ಲೆಕ್ಕ ಎಂಟರಿಂದ 17ಕ್ಕೆ ಬಂದಿದೆ.

ಹೋದ ಜೂನ್‌ನಲ್ಲಿ ಆ ಕುಬಸದ ಕೂಸಿನ ಜಾವಳ ಇತ್ತು. ಅದೇ ಪಡಸಾಲೆ, ಅದೇ ಜಮಖಾನೆ. ಬೋಳು ತಲೆಗೆ ಗಂಧ ಹಚ್ಚಿಸಿಕೊಂಡು ಅತ್ತು ಅತ್ತು ಸುಸ್ತಾದ ಕೂಸು ನನ್ನ ತೊಡೆಯ ಮೇಲೆ ನಿದ್ದೆ ಹೋಗಿತ್ತು. ಒಂಬತ್ತು ಕೆಜಿ ಅಂತೆ. ಒಳಗಿನಿಂದ ಅದರ ತಾಯಿ ಕರೆದಳು. ನಾನು ಒಂದು ಕಾಲು ಮುಂದಿಟ್ಟು, ಕೂಸನ್ನು ಎದೆಗೆ ಒತ್ತಿಕೊಂಡು ಎದ್ದೆ. ನೆಲಕ್ಕೆ ಕೈ ಊರಲಿಲ್ಲ. ಕೂಸಿಗೆ ಎಚ್ಚರ ಆಗಲಿಲ್ಲ. ತೊಟ್ಟಿಲಿಗೆ ಹಾಕಿ ವಾಪಸ್ ಬಂದರೆ ದೊಡ್ಡವ್ವ ಬಾಗಿಲ ಪಕ್ಕದ ತನ್ನ ಜಾಗದಲ್ಲೇ ಇದ್ದಳು, ಎಲೆ ಅಡಿಕೆ ಚೀಲ ಕೈಯಲ್ಲೇ ಇತ್ತು. ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು.

"ಅದನ್ನ ಹೆಂಗ ಮಾಡಿದಿ? ನನಗೂ ತೋರಸು. ಸಂಡಾಸಕ್ಕ ಕುಂತ್ರ ಏಳೂದ ಆಗವಲ್ಲದು," ಅಂದಳು.

ದೊಡ್ಡವ್ವನಿಗೆ 72. ಈಗ ಮಗನ ಜೊತೆ ವಿಜಯಪುರದಲ್ಲೇ ಇದ್ದಾಳೆ, ನಮ್ಮ ಮನೆಯಿಂದ ಎರಡು ಓಣಿ ಆಚೆ. ಭಾನುವಾರ ಬೆಳಿಗ್ಗೆ ಹೋಗುತ್ತೇನೆ. ಕುರ್ಚಿಯನ್ನು ಗೋಡೆಗೆ ಒತ್ತಿ ಇಟ್ಟು ನಾನು ಮುಂದೆ ನಿಲ್ಲುತ್ತೇನೆ. ಮೊದಲ ವಾರ ಎರಡೂ ಕೈಯಿಂದ ನನ್ನ ಕೈ ಹಿಡಿದುಕೊಂಡು ಮೂರು ಮಾಡಿದಳು. ಹೋದ ಭಾನುವಾರ ಕೈ ಬಿಟ್ಟು ಆರು. ಏಳನೆಯದಕ್ಕೆ ಅರ್ಧ ಎದ್ದು ಕೂತಳು.

"ಏಳು," ಅಂದಳು.

"ಅರ್ಧ ಹಿಡ್ಯಾಂಗಿಲ್ಲ ದೊಡ್ಡವ್ವ," ಅಂದೆ.

ಸೆರಗಿನಿಂದ ಮುಖ ಒರೆಸಿಕೊಂಡು, ಕುರ್ಚಿಯ ಮೇಲೆ ಸ್ವಲ್ಪ ಮುಂದೆ ಸರಿದು ಕೂತಳು. ಪಾದ ಹಿಂದಕ್ಕೆ ಎಳೆದುಕೊಂಡಳು, ನಾನು ಹೇಳಿಕೊಟ್ಟ ಹಾಗೇ.

"ತಡಿ, ದಮ್ಮು ತಗೋತೀನಿ."